ನಿಲ್ಲುವುದೂ ಒಂದು ಚಲನೆ

ಎರಡು ಕಾಲುಗಳ ಮೇಲೆ ಸುಮ್ಮನೆ ನಿಂತಿರುವ ಮನುಷ್ಯನು ಅಲುಗಾಡದೆ ನಿಂತಿದ್ದಾನೆಂದು ನೋಡಿದವರಿಗೆ ತೋರುತ್ತದೆ. ಸೂಕ್ಷ್ಮವಾಗಿ ಗಮನಿಸಿದರೆ ಅದು ಹಾಗಲ್ಲ. ನಿಂತ ದೇಹವು ಪ್ರತಿಕ್ಷಣವೂ ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ವಾಲುತ್ತಲೇ ಇರುತ್ತದೆ. ಕಣ್ಣು, ಒಳಕಿವಿ, ಅಂಗಾಲಿನ ಸ್ಪರ್ಶ ಈ ಮೂರೂ ಆ ವಾಲಿಕೆಯ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತಿರುತ್ತವೆ. ಮೀನಖಂಡವೂ ಕಾಲ್ಬೆರಳುಗಳೂ ಅದನ್ನು ತಿದ್ದುತ್ತಿರುತ್ತವೆ. ಮಗುವಾಗಿದ್ದಾಗ ನೂರಾರು ಸಲ ಬಿದ್ದು ಕಲಿತ ವಿದ್ಯೆಯಿದು. ಕಲಿತೆವೆಂಬುದೇ ಮರೆತುಹೋಗುವಷ್ಟು ಚೆನ್ನಾಗಿ ಕಲಿತಿರುವುದರಿಂದ ಇದರ ಬೆಲೆ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಎರಡು ಸಂದರ್ಭಗಳಲ್ಲಿ ಮಾತ್ರ: ತಲೆಕೆಳಗಾಗಿ ಕೈಗಳ ಮೇಲೆ ನಿಲ್ಲಲು ಹೊರಟಾಗ ಒಮ್ಮೆ, ಕಾಲುಗಳೇ ಮಾತು ಕೇಳದಂತಾದಾಗ ಇನ್ನೊಮ್ಮೆ. ಶಿಕಾರಿಪುರ-ಸೊರಬ ಸೀಮೆಯ ಅಂಬ್ಲಿಗೊಳದ ಒಂದು ರೈತಮನೆಯಲ್ಲಿ ಈ ಎರಡೂ ಒಂದೇ ವರ್ಷದಲ್ಲಿ ನಡೆದವು.

ಅಂಬ್ಲಿಗೊಳವೆಂದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ಅಲ್ಲಿಯ ಜಲಾಶಯ. ಭತ್ತ, ಮೆಕ್ಕೆಜೋಳ, ಅಡಿಕೆ ಈ ಸೀಮೆಯ ಬೆಳೆಗಳು. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರ ತಾಲ್ಲೂಕಿನವು. ಶರಣರು ದೇಹವನ್ನು ಹೀಗಳೆದವರಲ್ಲ. ದೇಹವನ್ನೇ ದೇಗುಲವೆಂದು ಕಂಡವರು, ಕೈಯಿಂದ ಮಾಡುವ ಕೆಲಸಕ್ಕೆ ಕಾಯಕವೆಂಬ ಹಿರಿಯ ಹೆಸರನ್ನಿಟ್ಟವರು. ಆದುದರಿಂದ ದೇಹವನ್ನು ಪಳಗಿಸುವ ಒಂದು ಸಾಧನೆಯ ಕಥೆಯನ್ನು ಭಕ್ತರ ಮುಂದಿಡುವುದು ಅಸಂಗತವಾಗಲಾರದು.

ಶರಣರ ಕಾಲಕ್ಕೂ ಅಂಗಸಾಧನೆಗೂ ಇರುವ ನಂಟು ಕುತೂಹಲಕರವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಬಳ್ಳಿಗಾವಿಯೂ ಆ ರಾಜ್ಯದೊಳಗಿನದೇ. ಆತನು ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಜಟ್ಟಿಗಳ ಆಹಾರ, ವರ್ಗ, ಅಭ್ಯಾಸಗಳನ್ನು ಅಲ್ಲಿ ವಿವರಿಸಲಾಗಿದೆ. ಭಾರವೆತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಮುಂತಾದವು ಆ ಅಭ್ಯಾಸಗಳು. ಉತ್ತರ ಕರ್ನಾಟಕದ ಹುಡುಗರು ಇಂದಿಗೂ ಅಭ್ಯಾಸ ಮಾಡುವ ಮಲ್ಲಕಂಬದ ಬೇರನ್ನು ವಿದ್ವಾಂಸರು ಈ ಸ್ತಂಭಶ್ರಮದಲ್ಲಿಯೇ ಗುರುತಿಸುತ್ತಾರೆ. ಅಂದರೆ ಬಲವೆಂಬುದು ಭಾರವೆತ್ತುವುದಷ್ಟೇ ಅಲ್ಲ, ತನ್ನ ಮೈಯನ್ನು ತಾನೇ ಹೊತ್ತು ಹದದಲ್ಲಿ ಹಿಡಿಯುವುದೂ ಬಲವೇ ಎಂಬ ಅರಿವು ಆ ಕಾಲಕ್ಕೇ ಇತ್ತು.

ಈಚಿನ ಕಾಲದಲ್ಲಿಯೂ ಈ ಅರಿವನ್ನು ಬೆಳೆಸಿದ ಕನ್ನಡನಾಡಿನ ಹಿರಿಯರು ಹಲವರಿದ್ದಾರೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ.ವಿ. ಅಯ್ಯರ್ ಅವರು ತರುಣರಿಗೆ ಅಂಗಸಾಧನೆಯನ್ನು ಕಲಿಸುತ್ತಲೇ, ಬಳ್ಳಿಗಾವಿಯ ಮಗಳೆಂದು ಐತಿಹ್ಯವು ಹೇಳುವ ರಾಣಿಯ ಮೇಲೆ ‘ಶಾಂತಲಾ’ ಕಾದಂಬರಿಯನ್ನೂ ಬರೆದರು. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿ, 1996ರಲ್ಲಿ ದೇಹಬಿಟ್ಟ ರಾಘವೇಂದ್ರ ಸ್ವಾಮೀಜಿಯವರು ಊರೂರುಗಳಲ್ಲಿ ಯೋಗ-ವ್ಯಾಯಾಮ ಶಿಬಿರಗಳನ್ನು ನಡೆಸಿದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ರೋಗಗಳಿಂದ ಬಳಲಿ ಬಡಕಲಾಗಿದ್ದವರು. ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಯೋಗವನ್ನು ಕಲಿತು ಲೋಕಪ್ರಸಿದ್ಧರಾದರು. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಗ್ರಂಥದಲ್ಲಿ ಕೈಗಳ ಮೇಲೆ ನಿಲ್ಲುವ ಆಸನಕ್ಕೆ ಅಧೋಮುಖ ವೃಕ್ಷಾಸನವೆಂಬ ಹೆಸರಿದೆ. ತಲೆಕೆಳಗಾದ ಮರವೆಂದು ಅದರ ಅರ್ಥ. ಹೊಸಬರು ಗೋಡೆಯ ಸಮೀಪದಲ್ಲಿ ಅಂಗೈಗಳನ್ನಿಟ್ಟು ಅದನ್ನು ಅಭ್ಯಾಸ ಮಾಡುವ ಕ್ರಮವನ್ನೂ ಅವರು ಅಲ್ಲಿ ವಿವರಿಸಿದ್ದಾರೆ. ಆ ಗೋಡೆಯೇ ಈ ಕಥೆಯಲ್ಲಿ ಮುಖ್ಯವಾದುದು.

ಅಂಬ್ಲಿಗೊಳದ ಆ ಮನೆಯ ಮಗನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಇಪ್ಪತ್ತಾರರ ತರುಣ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಜಾರಿಯಾದಾಗ ಊರಿಗೆ ಮರಳಿದನು. ಪೇಟೆಯಲ್ಲಿ ಪ್ರತಿನಿತ್ಯ ಜಿಮ್ಮಿಗೆ ಹೋಗಿ ಕಬ್ಬಿಣದ ಭಾರಗಳನ್ನು ಎತ್ತುತ್ತಿದ್ದವನಿಗೆ ಹಳ್ಳಿಯಲ್ಲಿ ಆ ಸಲಕರಣೆಗಳಿರಲಿಲ್ಲ. ಮೆಕ್ಕೆಜೋಳದ ಚೀಲಗಳಿದ್ದವು, ಹಿತ್ತಲಿನ ಗೋಡೆಯಿತ್ತು, ತನ್ನ ಮೈಭಾರವಿತ್ತು. ದಂಡ, ಬಸ್ಕಿಗಳಿಂದ ಆರಂಭಿಸಿದನು. ತೋಳು, ಭುಜ, ಹೊಟ್ಟೆಗಳಿಗೆ ಒಟ್ಟಿಗೇ ಕೆಲಸ ಕೊಡುವ ಸಾಧನೆಯೊಂದನ್ನು ಹುಡುಕುತ್ತ, ಹ್ಯಾಂಡ್‌ಸ್ಟ್ಯಾಂಡ್ ಎಂದು ಜಿಮ್ಮಿನವರು ಕರೆಯುವ ಈ ನಿಲುವನ್ನು ಕಲಿಯಲು ಮನಸ್ಸು ಮಾಡಿದನು.

ಬಲವಿದ್ದರೆ ಸಾಕು, ನಿಂತುಬಿಡಬಹುದೆಂದು ಅವನು ತಿಳಿದಿದ್ದನು. ಐವತ್ತು ಕಿಲೋ ಚೀಲವನ್ನು ಹೆಗಲಿಗೇರಿಸಬಲ್ಲವನಿಗೆ ತನ್ನ ಮೈಯನ್ನು ಕೈಗಳ ಮೇಲೆ ಹೊರುವುದು ಕಷ್ಟವಾಗಲಿಲ್ಲ, ನಿಜ. ಹೊತ್ತು ನಿಲ್ಲುವುದೇ ಆಗಲಿಲ್ಲ. ಗೋಡೆಗೆ ಬೆನ್ನಾಗುವಂತೆ ಕಾಲುಗಳನ್ನು ಎಸೆದರೆ ಹಿಮ್ಮಡಿಗಳು ಗೋಡೆಗೆ ಬಡಿದು ನಿಲ್ಲುತ್ತಿದ್ದವು. ಗೋಡೆಯಿಂದ ಕಾಲು ತೆಗೆದರೆ ಎರಡು ಎಣಿಸುವುದರೊಳಗೆ ಮರಳಿ ನೆಲಕ್ಕೆ ಬರುತ್ತಿದ್ದನು. ಒಂದು ತಿಂಗಳು ಹೀಗೆಯೇ ಕಳೆಯಿತು. ತೋಳುಗಳು ದಪ್ಪವಾದವು, ನಿಲುವು ಬರಲಿಲ್ಲ.

ತೊಡಕು ಎಲ್ಲಿತ್ತೆಂಬುದು ತಿಳಿಯಲು ಇನ್ನಷ್ಟು ದಿನಗಳು ಬೇಕಾದವು. ಕಾಲಿನ ಮೇಲೆ ನಿಂತಾಗ ಕಣಕಾಲು ಮಾಡುವ ಕೆಲಸವನ್ನು ಇಲ್ಲಿ ಮಣಿಕಟ್ಟು ಮಾಡಬೇಕು. ಕಾಲ್ಬೆರಳುಗಳ ಕೆಲಸವನ್ನು ಕೈಬೆರಳುಗಳು ವಹಿಸಿಕೊಳ್ಳಬೇಕು. ಅಂಗೈಯನ್ನು ನೆಲಕ್ಕೂರಿ ಬೆರಳುಗಳನ್ನು ಅಗಲಿಸಿಡಬೇಕು. ಮೈಯು ಬೆನ್ನಿನ ಕಡೆಗೆ ಮಗುಚುವಂತೆ ವಾಲಿದರೆ ಬೆರಳ ತುದಿಗಳಿಂದ ನೆಲವನ್ನು ಒತ್ತಿ ತಡೆಯಬೇಕು. ಕಾಲುಗಳು ಎದ್ದ ಕಡೆಗೇ ಮರಳಿ ಇಳಿಯತೊಡಗಿದರೆ ಭಾರವನ್ನು ಅಂಗೈಯ ಬುಡಕ್ಕೆ ತಂದು, ಭುಜಗಳನ್ನು ತುಸು ಸರಿಸಿ ಸರಿಪಡಿಸಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಮೊಣಕೈಗಳು ನೇರವಾಗಿದ್ದು ಭುಜಗಳು ಕಿವಿಗಳತ್ತ ಒತ್ತಿಕೊಂಡಿರಬೇಕು, ಪಕ್ಕೆಲುಬುಗಳು ಹೊರಚಾಚದೆ ಹೊಟ್ಟೆ ಬಿಗಿಯಾಗಿರಬೇಕು, ದೃಷ್ಟಿ ಎರಡು ಕೈಗಳ ನಡುವಿನ ನೆಲದಲ್ಲಿರಬೇಕು. ಕಣ್ಣು ಮುಚ್ಚಿದರಂತೂ ಪಳಗಿದವರೂ ತಡವರಿಸುತ್ತಾರೆ. ಇಷ್ಟೆಲ್ಲ ಸರಿಯಾದಾಗಲೂ ದೇಹವು ಕಂಬದಂತೆ ನಿಲ್ಲುವುದಿಲ್ಲ. ಬೆರಳುಗಳು ಒತ್ತುತ್ತಲೂ ಬಿಡುತ್ತಲೂ ಇರುತ್ತವೆ, ಒತ್ತಿದಾಗಲೆಲ್ಲ ಅವುಗಳ ತುದಿ ಬಿಳಿಚಿಕೊಳ್ಳುತ್ತದೆ. ದೂರದಿಂದ ನೋಡುವವರಿಗೆ ನಿಶ್ಚಲತೆ ಕಾಣುತ್ತದೆ, ಹತ್ತಿರದಿಂದ ನೋಡುವವರಿಗೆ ಎಡೆಬಿಡದ ತಿದ್ದುಪಡಿ ಕಾಣುತ್ತದೆ.

ಮನೆಯ ಯಜಮಾನರು ಸಂಜೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಮಗನ ಈ ಆಟವನ್ನು ನೋಡುತ್ತಿದ್ದರು. ತಾವೂ ಹರೆಯದಲ್ಲಿ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಒಂದು ದಿನ ನಕ್ಕು ಹೇಳಿದರು: “ನಿಲ್ಲೋದು ಆಮೇಲೆ ತಮ್ಮಾ, ಬೀಳೋದು ಮೊದಲು ಕಲಿ. ಬೀಳೋಕೆ ಹೆದರೋನ ಮೈ ಬಿಗೀತದೆ. ಬಿಗಿದ ಮೈ ನಿಲ್ಲಾಕಿಲ್ಲ.” ಮರುದಿನ ಅವರೇ ಬಣವೆಯಿಂದ ಭತ್ತದ ಹುಲ್ಲನ್ನು ತರಿಸಿ ದಪ್ಪವಾಗಿ ಹರವಿಸಿದರು. ಬೆನ್ನಿನ ಕಡೆಗೆ ಮಗುಚುವ ಹೊತ್ತಿನಲ್ಲಿ ಒಂದು ಕೈಯನ್ನು ಕಿತ್ತು ಮುಂದಿಟ್ಟು, ಸೊಂಟವನ್ನು ಹೊರಳಿಸಿ, ಒಂದು ಕಾಲಾದ ಮೇಲೆ ಇನ್ನೊಂದನ್ನು ಪಕ್ಕಕ್ಕೆ ಇಳಿಸುವುದನ್ನು ಮಗನು ನೂರಾರು ಸಲ ಮಾಡಿದನು. ಬೀಳುವಿಕೆಯು ಇಳಿಯುವಿಕೆಯಾಯಿತು. ಅಂದಿನಿಂದ ಭಯವು ಕರಗತೊಡಗಿತು. ಕಾಲಿನ ಹೆಬ್ಬೆರಳನ್ನು ಮಾತ್ರ ಗೋಡೆಗೆ ತಾಗಿಸಿ ಹತ್ತೆಣಿಸುವವರೆಗೆ ನಿಲ್ಲುವುದು ಸಾಧ್ಯವಾಯಿತು.

ಮೆಕ್ಕೆಜೋಳದ ಕಟಾವಿನ ಕಾಲ ಬಂದಿತು. ಆ ಅಕ್ಟೋಬರಿನ ಒಂದು ಬೆಳಗ್ಗೆ ತಂದೆಗೆ ಏಳುವಾಗ ಬಲಗೈ ಮಾತು ಕೇಳಲಿಲ್ಲ. ಒತ್ತಿ ಮಲಗಿದ್ದಕ್ಕೆ ಜೋಮು ಹಿಡಿದಿರಬಹುದೆಂದು ಅವರು ಮಧ್ಯಾಹ್ನದವರೆಗೆ ಸುಮ್ಮನಿದ್ದರು. ಕಾಫಿಯ ಲೋಟ ಜಾರಿ ಬಿದ್ದು, ಬಾಯಿ ಒಂದು ಬದಿಗೆ ಸೊಟ್ಟಗಾದಾಗಲೇ ಮನೆಯವರಿಗೆ ಲಕ್ವವೆಂದು ತಿಳಿದದ್ದು. ರಕ್ತದೊತ್ತಡದ ಮಾತ್ರೆಯನ್ನು ಅವರು ಎರಡು ತಿಂಗಳಿಂದ ಬಿಟ್ಟಿದ್ದರು. ಇಲ್ಲಿ ಎಲ್ಲರೂ ನೆನಪಿಡಬೇಕಾದ ಮಾತೊಂದಿದೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆ ಮನೆಯವರು ಶಿವಮೊಗ್ಗವನ್ನು ಮುಟ್ಟುವ ಹೊತ್ತಿಗೆ ಆ ವೇಳೆ ಮೀರಿತ್ತು.

ಜೀವ ಉಳಿಯಿತು. ಬಲಗೈ, ಬಲಗಾಲುಗಳು ಸೋತವು. ಹದಿನೈದು ದಿನಗಳ ನಂತರ ತಂದೆಯನ್ನು ಮನೆಗೆ ಕರೆತಂದರು. ಮಗನ ಬಲವು ಈಗ ಕೆಲಸಕ್ಕೆ ಬಂದಿತು. ಹಾಸಿಗೆಯಿಂದ ಎತ್ತಿ ಕೂರಿಸುವುದು, ಬಚ್ಚಲಿಗೆ ಹೊತ್ತೊಯ್ಯುವುದು ಎಲ್ಲವನ್ನೂ ಅವನೇ ಮಾಡಿದನು. ತಂದೆಯ ತೋಳಡಿಯಲ್ಲಿ ಕೈಯಿಟ್ಟು ಗಟ್ಟಿಯಾಗಿ ಹಿಡಿದು ಪಡಸಾಲೆಯಲ್ಲಿ ನಿಲ್ಲಿಸುತ್ತಿದ್ದನು. ಹಿಡಿದಷ್ಟು ಹೊತ್ತು ಅವರು ನಿಂತಿರುತ್ತಿದ್ದರು, ಬಿಟ್ಟೊಡನೆ ಬಲಕ್ಕೆ ಕುಸಿಯುತ್ತಿದ್ದರು. ಹಿತ್ತಲಿನ ಅಭ್ಯಾಸವನ್ನು ಅವನು ನಿಲ್ಲಿಸಿಬಿಟ್ಟಿದ್ದನು. ಒಂದು ಸಂಜೆ ಮನಸ್ಸು ತಡೆಯದೆ ಮತ್ತೆ ಗೋಡೆಯ ಬಳಿ ಹೋದಾಗ ತಾಯಿಯು ಬಾಗಿಲಲ್ಲಿ ನಿಂತು ಅತ್ತರು: “ಮನೇಲಿ ಒಬ್ರು ಬಿದ್ದಿದ್ದು ಸಾಲ್ದಾ? ನೀನೂ ಬೀಳ್ಬೇಕಾ?” ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ವಾರಕ್ಕೊಮ್ಮೆ ಬಂದು ಅಂಗಮರ್ದನ, ವ್ಯಾಯಾಮಗಳನ್ನು ಮಾಡಿಸುತ್ತಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳು ಮಗನ ಹಿಡಿತವನ್ನು ನೋಡಿ ತಡೆದರು. “ನೀವೇ ಹೊತ್ತುಕೊಂಡರೆ ಅವರ ಕಾಲಿಗೆ ಭಾರ ಗೊತ್ತಾಗುವುದೇ ಇಲ್ಲವಲ್ಲ. ಪಕ್ಕದಲ್ಲಿರಿ, ಮುಟ್ಟಿದಷ್ಟೇ ಇರಲಿ. ಬೀಳುವ ಹಾಗಾದರೆ ಮಾತ್ರ ಹಿಡಿಯಿರಿ” ಎಂದರು. ಮೆದುಳಿನ ಒಂದು ಭಾಗಕ್ಕೆ ಪೆಟ್ಟಾದಾಗ, ಮತ್ತೆ ಮತ್ತೆ ಮಾಡಿದ ಪ್ರಯತ್ನದಿಂದ ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿತುಕೊಳ್ಳುತ್ತವೆ. ಸೋತ ಕಾಲಿನ ಮೇಲೆ ಭಾರ ಬಿದ್ದರಷ್ಟೇ ಆ ಕಲಿಕೆ ನಡೆಯುತ್ತದೆ ಎಂದು ಅವರು ತಿಳಿಹೇಳಿದರು.

ಈ ಮಾತು ತರುಣನಿಗೆ ಹೊಸದಾಗಿರಲಿಲ್ಲ. ಹಿತ್ತಲಿನ ಗೋಡೆಯು ಅವನಿಗೆ ಇದನ್ನೇ ಹೇಳಿತ್ತು. ಹಿಮ್ಮಡಿಗಳನ್ನು ಪೂರ್ತಿಯಾಗಿ ಗೋಡೆಗೆ ಒರಗಿಸಿ ನಿಂತ ಒಂದು ತಿಂಗಳಿನಲ್ಲಿ ಬೆರಳುಗಳು ಏನನ್ನೂ ಕಲಿಯಲಿಲ್ಲ. ಗೋಡೆಯು ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿತ್ತು. ಹೆಬ್ಬೆರಳೊಂದೇ ತಾಗುವಷ್ಟು ಅಂತರವಾದಾಗಲೇ ಕೈಗಳು ಎಚ್ಚೆತ್ತವು. ಹಾಗೆಂದು ಗೋಡೆಯು ಇಲ್ಲವೇ ಇಲ್ಲವೆಂದಾಗಿದ್ದರೆ ಭಯದಿಂದ ಮೈ ಬಿಗಿದು ಆಗಲೂ ಕಲಿಕೆ ನಡೆಯುತ್ತಿರಲಿಲ್ಲ. ಅಂದಿನಿಂದ ಅವನು ತಂದೆಯ ಬಲಕ್ಕೆ ಒಂದು ಅಂಗೈಯಷ್ಟು ದೂರದಲ್ಲಿ ನಿಲ್ಲತೊಡಗಿದನು. ಕೈಗಳು ಚಾಚಿದ್ದವು, ಹಿಡಿದಿರಲಿಲ್ಲ. ಕೆಳಗೆ ಹಾಸಿಗೆ ಹಾಸಿರುತ್ತಿತ್ತು. ಮೊದಲ ದಿನ ತಂದೆಯು ಮೂರು ಎಣಿಸುವವರೆಗೆ ನಿಂತರು. ಸೋತ ಕಾಲಿನ ಬೆರಳುಗಳು ನೆಲವನ್ನು ಕಚ್ಚಲು ಹೆಣಗುತ್ತಿದ್ದುದನ್ನು ಮಗನು ಕಂಡನು. ಬಲದ ಕಡೆಗೆ ವಾಲಿದಾಗ ಹಿಡಿಯಲು ಹೊರಟ ತನ್ನ ಕೈಯನ್ನು ಅರೆಕ್ಷಣ ತಡೆದುಕೊಳ್ಳುವುದು, ಕೈಮೇಲೆ ನಿಲ್ಲುವುದಕ್ಕಿಂತ ಹೆಚ್ಚು ಬಲವನ್ನು ಬೇಡುತ್ತಿತ್ತು.

ಸಂಜೆಯ ಅಭ್ಯಾಸ ಮತ್ತೆ ಆರಂಭವಾಯಿತು. ಈ ಸಲ ತಾಯಿ ಬೇಡವೆನ್ನಲಿಲ್ಲ. ತಂದೆಯ ಕುರ್ಚಿಯನ್ನು ಅವರೇ ಹಿತ್ತಲಿಗೆ ಸರಿಸಿದರು. ಮಗನು ಕಾಲನ್ನು ಮೇಲೆತ್ತಿದಾಗ ತಂದೆಯು ತೊದಲುವ ನಾಲಗೆಯಿಂದ ಒಂದು, ಎರಡು ಎಂದು ಎಣಿಸುತ್ತಿದ್ದರು. ಅದು ಅವರ ಮಾತಿಗೂ ವ್ಯಾಯಾಮವಾಯಿತು. 2021ರ ಜನವರಿಯಲ್ಲಿ ಅವನು ಗೋಡೆಯನ್ನು ಮುಟ್ಟದೆ ಎಣಿಕೆ ಐದಾಗುವವರೆಗೆ ನಿಂತನು. ಅದೇ ತಿಂಗಳಿನಲ್ಲಿ ತಂದೆಯು ಕೋಲೂರಿ ಪಡಸಾಲೆಯಿಂದ ಜಗಲಿಯವರೆಗೆ ಬಂದರು. ವರ್ಷ ತುಂಬುವ ಹೊತ್ತಿಗೆ ಮಗನ ಎಣಿಕೆ ಇಪ್ಪತ್ತನ್ನು ಮುಟ್ಟಿತು. ತಂದೆಯು ಕಣದವರೆಗೂ ನಡೆಯುವಂತಾದರು. ಅವರ ಬಲಗೈ ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಎಡಗೈಯಿಂದಲೇ ಊಟಮಾಡುವುದನ್ನು ಅವರು ರೂಢಿಸಿಕೊಂಡರು. ಎಲ್ಲವೂ ಮೊದಲಿನಂತಾಯಿತೆಂದು ಹೇಳಿದರೆ ಅದು ಸುಳ್ಳಾದೀತು.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಬಸವಣ್ಣನವರು ಯಾವ ಅರ್ಥದಲ್ಲಿ ಬಳಸಿದರೆಂಬುದು ಭಕ್ತರೆಲ್ಲರಿಗೂ ತಿಳಿದದ್ದೇ. ಕಟ್ಟಿ ನಿಲ್ಲಿಸಿದ್ದಕ್ಕಿಂತ ಚಲಿಸುವ ಚೈತನ್ಯವನ್ನು ಅವರು ಹಿರಿದೆಂದು ಕಂಡರು. ಸಾಮಾನ್ಯವಾಗಿ ಈ ಮಾತನ್ನು ಗುಡಿಗೂ ಜೀವಕ್ಕೂ ಅನ್ವಯಿಸಿ ವ್ಯಾಖ್ಯಾನಿಸುವುದುಂಟು. ಆದರೆ ಕೈಗಳ ಮೇಲೆ ನಿಲ್ಲಲು ಕಲಿತವನ ಬೆರಳುಗಳನ್ನು ನೋಡಿದವರಿಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಕಂಬವಾಗಲು ಹೊರಟವನು ಬೀಳುತ್ತಾನೆ, ಒಳಗೊಳಗೇ ಚಲಿಸುತ್ತಿರುವವನು ನಿಲ್ಲುತ್ತಾನೆ. ಜಂಗಮವು ಕಾಲಿನ ನಡಿಗೆಯಲ್ಲಿ ಮಾತ್ರವಲ್ಲ, ನಿಲುವಿನೊಳಗೂ ಇದೆ. ಮನಸ್ಸಿನ ಸಮತೆಯೂ ಹೀಗೆಯೇ ಅಲ್ಲವೇ? ಒಮ್ಮೆ ಸಾಧಿಸಿ ಕೈಬಿಡಬಹುದಾದ ವಸ್ತು ಅದಲ್ಲ. ಕೋಪದ ಕಡೆಗೋ ಆಸೆಯ ಕಡೆಗೋ ವಾಲಿದ ಮನಸ್ಸನ್ನು ಕ್ಷಣಕ್ಷಣವೂ ತುಸುತುಸುವೇ ತಿದ್ದುತ್ತಿರುವುದೇ ಸಮತೆ. ವಾಲಲೇಬಾರದೆಂದು ಬಿಗಿದುಕೊಂಡ ಮನಸ್ಸು ಬಿಗಿದ ಮೈಯಂತೆಯೇ ಉರುಳುತ್ತದೆ.

ಆಸರೆಯ ವಿಷಯವೂ ಹಾಗೆಯೇ. ಮಕ್ಕಳನ್ನು ಬೆಳೆಸುವವರು, ರೋಗಿಗಳನ್ನು ನೋಡಿಕೊಳ್ಳುವವರು, ವಿದ್ಯೆ ಕಲಿಸುವವರು ಎಲ್ಲರೂ ಪ್ರೀತಿಯಿಂದಲೇ ಗಟ್ಟಿಯಾಗಿ ಹಿಡಿಯುತ್ತಾರೆ. ಆ ಹಿಡಿತದಲ್ಲಿ ನಿಂತವನು ತನ್ನ ಕಾಲನ್ನು ಅರಿಯದೆ ಹೋಗುತ್ತಾನೆ. ಬಿಟ್ಟುಬಿಡುವುದು ನಿರ್ದಯೆ, ಹೊತ್ತುಕೊಂಡೇ ಇರುವುದು ಮೋಹ. ಇವೆರಡರ ನಡುವೆ ಒಂದು ಅಂಗೈಯಷ್ಟು ಅಂತರವಿದೆ. ಸೇವೆಯು ಆ ಅಂತರದಲ್ಲಿರುತ್ತದೆ.

ಈ ಸಾಧನೆಯನ್ನು ಕೈಗೊಳ್ಳಲು ಬಯಸುವ ತರುಣ ತರುಣಿಯರಿಗೆ ಕೆಲವು ಎಚ್ಚರಿಕೆಯ ಮಾತುಗಳು ಅವಶ್ಯ. ರಕ್ತದೊತ್ತಡ ಹೆಚ್ಚಿರುವವರು, ಗ್ಲಾಕೋಮಾ ಮೊದಲಾದ ಕಣ್ಣಿನ ತೊಂದರೆಯಿರುವವರು, ಕುತ್ತಿಗೆ, ಭುಜ ಅಥವಾ ಮಣಿಕಟ್ಟಿನಲ್ಲಿ ನೋವಿರುವವರು ವೈದ್ಯರನ್ನು ಕೇಳದೆ ತಲೆಕೆಳಗಾಗಿ ನಿಲ್ಲಬಾರದು. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಉಳಿದವರೂ ಮೊದಲು ಮಣಿಕಟ್ಟುಗಳನ್ನು ಚೆನ್ನಾಗಿ ಸಡಿಲಿಸಿಕೊಂಡು, ಗೋಡೆಗೆ ಎದೆಯಾಗುವಂತೆ ಕಾಲುಗಳನ್ನು ಮೆಲ್ಲನೆ ಮೇಲಕ್ಕೆ ನಡೆಸುತ್ತ ಅಭ್ಯಾಸ ಮಾಡುವುದು ಒಳಿತು. ಮೈಯು ನೇರವಾಗುವುದು ಆ ಕ್ರಮದಲ್ಲಿಯೇ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ದಣಿದ ಕೈಗಳು ತಪ್ಪನ್ನೇ ಕಲಿಯುತ್ತವೆ. ತಿಂಗಳುಗಳು ಹಿಡಿಯುವ ವಿದ್ಯೆಯಿದು, ಅವಸರ ಸಲ್ಲದು. ಎಲ್ಲಕ್ಕಿಂತ ಮೊದಲು, ಆ ಹಿರಿಯರು ಹೇಳಿದಂತೆ, ಬೀಳುವುದನ್ನು ಕಲಿಯಬೇಕು.

ಎರಡು ಕಾಲುಗಳ ಮೇಲೆ ನಿರಾಯಾಸವಾಗಿ ನಿಂತಿರುವವರು ದಿನಕ್ಕೊಮ್ಮೆಯಾದರೂ ಅರೆನಿಮಿಷ ಕಣ್ಣು ಮುಚ್ಚಿ ನಿಂತು ನೋಡಲಿ. ಅಂಗಾಲಿನಡಿಯಲ್ಲಿ ನಡೆಯುತ್ತಿರುವ ಆ ಸಣ್ಣ ತಿದ್ದುಪಡಿಯು ಆಗ ಅರಿವಿಗೆ ಬರುತ್ತದೆ. ಯಾರೂ ಕೇಳದೆ, ಯಾರಿಗೂ ಹೇಳದೆ ದೇಹವು ಹಗಲೆಲ್ಲ ನಡೆಸುತ್ತಿರುವ ಕಾಯಕವದು.